ತೀರದ ನೀರು ಮಲಿನವಾದಾಗ ಚಿಪ್ಪುಮೀನು ತಿನ್ನಬಹುದೇ? ಹಂತ ಹಂತವಾಗಿ ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಕಪ್ಪೆಚಿಪ್ಪನ್ನು ತೊಳೆದು ಚೆನ್ನಾಗಿ ಬೇಯಿಸಿಬಿಟ್ಟರೆ ಯಾವ ತೊಂದರೆಯೂ ಇರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಕೊಳಚೆ ನೀರಿನಿಂದ ಬಂದ ರೋಗಾಣುಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಪಾಚಿಯ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಪಾದರಸ, ಕ್ಯಾಡ್ಮಿಯಂನಂಥ ಲೋಹಗಳಂತೂ ಬೇಯಿಸಿದರೂ ಹುರಿದರೂ ಇದ್ದಲ್ಲೇ ಇರುತ್ತವೆ. ಹಾಗಾಗಿ ಚಿಪ್ಪುಮೀನು ತಿನ್ನಲು ಯೋಗ್ಯವೋ ಅಲ್ಲವೋ ಎಂಬುದು ಬಹುಮಟ್ಟಿಗೆ ಅದು ಬೆಳೆದ ನೀರಿನಲ್ಲೇ ತೀರ್ಮಾನವಾಗಿರುತ್ತದೆ. ಅಡುಗೆಮನೆಯಲ್ಲಿ ನಾವು ಸರಿಪಡಿಸಬಹುದಾದದ್ದು ಸ್ವಲ್ಪವೇ.

ತೀರದಲ್ಲಿ ತಾವೇ ಆರಿಸಿ ತರುವವರು, ಮಾರುಕಟ್ಟೆಯಲ್ಲಿ ಕೊಳ್ಳುವವರು, ಬೇರೆಯವರಿಗೆ ಬೇಯಿಸಿ ಬಡಿಸುವವರು, ಎಲ್ಲರಿಗೂ ಬೇಕಾದ ಪ್ರಶ್ನೆಗಳನ್ನು ಕೇಳಬೇಕಾದ ಕ್ರಮದಲ್ಲೇ ಇಲ್ಲಿ ಕೊಟ್ಟಿದ್ದೇನೆ. ಮೊದಲ ಐದು ಹಂತಗಳು ನೀರಿಗೆ ಸಂಬಂಧಿಸಿದವು. ಅವನ್ನು ಬಿಟ್ಟು ನೇರವಾಗಿ ಅಡುಗೆಯ ಭಾಗಕ್ಕೆ ಹೋಗಬೇಡಿ.

ಹಂತ 1: ಕೈಯಲ್ಲಿರುವ ಪ್ರಾಣಿ ಯಾವುದು?

ಚಿಪ್ಪುಮೀನು ಎಂದು ಒಟ್ಟಾಗಿ ಕರೆಯುವ ಗುಂಪಿನಲ್ಲಿ ಬದುಕುವ ರೀತಿಯೇ ಬೇರೆ ಬೇರೆಯಾದ ಪ್ರಾಣಿಗಳಿವೆ. ಅತಿ ಹೆಚ್ಚು ಎಚ್ಚರ ಬೇಕಾದದ್ದು ಎರಡು ಚಿಪ್ಪಿನ ಪ್ರಾಣಿಗಳ ವಿಷಯದಲ್ಲಿ, ಅಂದರೆ ಪಚ್ಚಿಲೆ (ಮಸಲ್), ಮರುವಾಯಿ (ಕ್ಲ್ಯಾಮ್), ಕಲ್ವ (ಆಯ್ಸ್ಟರ್), ಸ್ಕ್ಯಾಲಪ್ ಮುಂತಾದವು. ಇವು ಬೇಟೆಗೆ ಹೋಗುವುದಿಲ್ಲ. ಇದ್ದ ಜಾಗದಲ್ಲೇ ನೀರನ್ನು ಒಳಗೆಳೆದು, ಕಿವಿರುಗಳಲ್ಲಿ ಸೋಸಿ, ಸಿಕ್ಕ ಸೂಕ್ಷ್ಮ ಪಾಚಿಯನ್ನು ತಿಂದು ಬದುಕುತ್ತವೆ. ಬಲಿತ ಕಲ್ವವೊಂದು ಗಂಟೆಗೆ ಹಲವು ಲೀಟರ್ ನೀರನ್ನು ಹೀಗೆ ಸೋಸಬಲ್ಲದು. ಬಯಸಿದ ಪಾಚಿಯ ಜೊತೆಗೆ ಬ್ಯಾಕ್ಟೀರಿಯಾ, ವೈರಸ್, ಲೋಹದ ಕಣ, ಎಣ್ಣೆಯ ಅಂಶ, ಪ್ಲಾಸ್ಟಿಕ್ ಚೂರು, ಏನಿದ್ದರೂ ಒಳಗೆ ಬರುತ್ತದೆ. ಹೀಗಾಗಿ ಸುತ್ತಲಿನ ನೀರಿನಲ್ಲಿ ವಿರಳವಾಗಿದ್ದ ವಸ್ತು ಇವುಗಳ ಮೈಯಲ್ಲಿ ಹಲವು ಪಟ್ಟು ದಟ್ಟವಾಗಿ ಕೂಡಿರಬಹುದು.

ಬೇಯಿಸಿದ ಒಂದು ಪಚ್ಚಿಲೆಯನ್ನು ಬಿಡಿಸಿ ನಿಧಾನವಾಗಿ ನೋಡಿ. ಅಂಚಿನಲ್ಲಿ ನೆರಿಗೆಯ ಹಾಗೆ ಕಾಣುವ ತೆಳು ಪದರಗಳು ಕಿವಿರು. ಮಧ್ಯದಲ್ಲಿ, ಮೆತ್ತನೆಯ ಮಾಂಸದೊಳಗೆ ಹುದುಗಿರುವ ಕಡುಹಸಿರು ಅಥವಾ ಕಂದುಗಪ್ಪು ಗಂಟು ಜೀರ್ಣಗ್ರಂಥಿ. ಪಾಚಿಯ ವಿಷದ ಬಹುಪಾಲು ಸೇರುವುದು ಈ ಗಂಟಿನಲ್ಲಿ. ಕೊಳಚೆಯ ವೈರಸ್‌ಗಳು ಅಂಟಿಕೊಳ್ಳುವುದೂ ಇಲ್ಲೇ. ಮೀನನ್ನಾದರೆ ಹೊಟ್ಟೆ ಸೀಳಿ ಕರುಳು ತೆಗೆದು ತಿನ್ನುತ್ತೇವೆ. ಪಚ್ಚಿಲೆ, ಕಲ್ವಗಳನ್ನು ಆ ಗಂಟಿನ ಸಮೇತ ಇಡಿಯಾಗಿ ತಿನ್ನುತ್ತೇವೆ. ಅಪಾಯದ ಮೂಲ ಇಲ್ಲಿದೆ.

ಸ್ಕ್ಯಾಲಪ್‌ನಲ್ಲಿ ಚಿಪ್ಪು ಮುಚ್ಚುವ ಬಿಳಿಯ ಸ್ನಾಯುವನ್ನಷ್ಟೇ ತಿನ್ನುವ ಪದ್ಧತಿ ಬಹಳ ಕಡೆ ಇದೆ. ಆ ಸ್ನಾಯುವಿನಲ್ಲಿ ಪಾಚಿವಿಷ ಸಾಮಾನ್ಯವಾಗಿ ಸೇರುವುದಿಲ್ಲವಾದ್ದರಿಂದ ಅದು ಹೆಚ್ಚು ಸುರಕ್ಷಿತ. ಸಿಗಡಿ, ಏಡಿ, ಲಾಬ್ಸ್ಟರ್‌ಗಳು ನೀರು ಸೋಸಿ ತಿನ್ನುವ ಪ್ರಾಣಿಗಳಲ್ಲ, ಹಾಗಾಗಿ ಅವುಗಳ ಮಾಂಸಖಂಡದಲ್ಲಿ ಸಮಸ್ಯೆ ಕಡಿಮೆ. ಆದರೆ ಏಡಿಯ ಬೆನ್ನುಚಿಪ್ಪಿನಡಿಯ ಕಂದು ಭಾಗ, ಲಾಬ್ಸ್ಟರ್‌ನ ಹಸಿರು ಜೀರ್ಣಗ್ರಂಥಿ ಬೇರೆ ಮಾತು. ಕ್ಯಾಡ್ಮಿಯಂ ಮತ್ತು ಪಾಚಿವಿಷ ಕೂಡುವುದು ಅಲ್ಲೇ. ನೀರಿನ ಬಗ್ಗೆ ಅನುಮಾನವಿದ್ದರೆ ಆ ಭಾಗವನ್ನು ತೆಗೆದುಹಾಕಿ, ಬೇಯಿಸಿದ ನೀರನ್ನೂ ಚೆಲ್ಲಿ. ಇತರ ಚಿಪ್ಪುಗಳನ್ನು ಕೊರೆದು ತಿನ್ನುವ ಬೇಟೆಗಾರ ಶಂಖಹುಳುಗಳು ತಮ್ಮ ಆಹಾರದ ವಿಷವನ್ನೂ ಮೈಗೇರಿಸಿಕೊಳ್ಳುತ್ತವೆ ಎಂಬುದು ನೆನಪಿರಲಿ.

ಹಂತ 2: ಮಾಲಿನ್ಯದ ಬಗೆಯನ್ನು ಬೇರ್ಪಡಿಸಿ

ನೀರು ಕೆಟ್ಟಿದೆ ಎಂದಷ್ಟೇ ಹೇಳಿದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಯಾವುದರಿಂದ ಕೆಟ್ಟಿದೆ ಎಂದು ಗೊತ್ತಾಗಬೇಕು, ಏಕೆಂದರೆ ಒಂದೊಂದು ಬಗೆಗೂ ಪರಿಹಾರ ಬೇರೆ.

ಮೊದಲನೆಯದು ಮಲಮೂತ್ರದ ಕೊಳಚೆ. ಶುದ್ಧೀಕರಿಸದ ಒಳಚರಂಡಿ ನೀರು, ಸೋರುವ ಶೌಚಗುಂಡಿಗಳು, ದೋಣಿಗಳಿಂದ ಸುರಿಯುವ ಹೊಲಸು, ದನಕರುಗಳ ಸಗಣಿ ತೊಳೆದುಬಂದ ಮಳೆನೀರು, ಇವೆಲ್ಲ ಟೈಫಾಯಿಡ್, ಕಾಮಾಲೆ ತರುವ ಹೆಪಟೈಟಿಸ್ ಎ, ವಾಂತಿಭೇದಿ ತರುವ ನೊರೊವೈರಸ್‌ಗಳನ್ನು ಹೊತ್ತು ತರಬಲ್ಲವು. 1924ರ ಚಳಿಗಾಲದಲ್ಲಿ ಅಮೆರಿಕದ ನ್ಯೂಯಾರ್ಕ್, ಷಿಕಾಗೊ ಮುಂತಾದ ನಗರಗಳಲ್ಲಿ ಕೊಳಚೆ ಸೇರಿದ ಕಲ್ವ ತಿಂದು ಸುಮಾರು 1,500 ಜನ ಟೈಫಾಯಿಡ್‌ಗೆ ತುತ್ತಾದರು, 150ರಷ್ಟು ಜನ ಸತ್ತರು. ಅಲ್ಲಿನ ಚಿಪ್ಪುಮೀನು ನೈರ್ಮಲ್ಯ ವ್ಯವಸ್ಥೆ 1925ರಲ್ಲಿ ಹುಟ್ಟಿದ್ದೇ ಈ ದುರಂತದಿಂದ. 1988ರಲ್ಲಿ ಶಾಂಘೈ ನಗರದಲ್ಲಿ ಆದದ್ದು ಇನ್ನೂ ದೊಡ್ಡದು. ಕೊಳಚೆ ಸೇರಿದ ನೀರಿನ ಮರುವಾಯಿಗಳನ್ನು ಹಸಿಯಾಗಿ ಇಲ್ಲವೇ ಅರೆಬೆಂದ ಸ್ಥಿತಿಯಲ್ಲಿ ತಿಂದ ಸುಮಾರು 3 ಲಕ್ಷ ಜನರಿಗೆ ಕೆಲವೇ ವಾರಗಳಲ್ಲಿ ಹೆಪಟೈಟಿಸ್ ಎ ಬಂತು. ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಚಿಪ್ಪು ಬಾಯಿಬಿಡುತ್ತದೆ, ವೈರಸ್ ಸಾಯುವುದಿಲ್ಲ.

ಇದೇ ಸಾಲಿನಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಾವನ್ನೂ ಹೇಳಬೇಕು, ಒಂದು ವ್ಯತ್ಯಾಸದೊಂದಿಗೆ. ಅದು ಕೊಳಚೆಯಿಂದ ಬರುವುದಲ್ಲ, ಸಮುದ್ರದಲ್ಲೇ ಸಹಜವಾಗಿ ಇರುತ್ತದೆ. ನೀರು ಬೆಚ್ಚಗಾದಾಗ, ಅದರಲ್ಲೂ ಸಿಹಿನೀರು ಬೆರೆತ ಅಳಿವೆಗಳಲ್ಲಿ, ಹೆಚ್ಚುತ್ತದೆ. ನೋಡಲು ಶುದ್ಧವಾಗಿರುವ, ಚರಂಡಿಯ ಸುಳಿವಿಲ್ಲದ ನೀರಿನ ಕಲ್ವದಲ್ಲೂ ಇರಬಹುದು.

ಎರಡನೆಯದು ಪಾಚಿಯ ವಿಷ. ಹೊಲಗಳ ಗೊಬ್ಬರದಿಂದ, ಕೊಳಚೆಯಿಂದ ಬರುವ ಸಾರಜನಕ, ರಂಜಕಗಳು ಕಡಲಿಗೆ ಸೇರಿದರೆ ಸೂಕ್ಷ್ಮ ಪಾಚಿಗಳು ಉಕ್ಕಿ ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಜಾತಿಗಳು ವಿಷ ತಯಾರಿಸುತ್ತವೆ. ಎಲ್ಲ ವಿಷಪಾಚಿಗೂ ಮನುಷ್ಯರ ಮಾಲಿನ್ಯವೇ ಕಾರಣ ಎಂದು ಹೇಳಲಾಗದು. 1793ರಲ್ಲಿ, ಕಾರ್ಖಾನೆಯಾಗಲಿ ರಸಗೊಬ್ಬರವಾಗಲಿ ಇಲ್ಲದ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ, ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್‌ನ ನಾವಿಕರು ಬೆಳಗಿನ ಊಟಕ್ಕೆ ಪಚ್ಚಿಲೆ ಬೇಯಿಸಿ ತಿಂದರು. ಜಾನ್ ಕಾರ್ಟರ್ ಎಂಬಾತ ಕೆಲವೇ ಗಂಟೆಗಳಲ್ಲಿ ಪ್ರಾಣಬಿಟ್ಟ. ಅವರು ತಿಂದದ್ದು ಬೆಂದ ಪಚ್ಚಿಲೆಯನ್ನೇ. ಹಾಗಿದ್ದರೂ ಪೋಷಕಾಂಶ ತುಂಬಿದ ನೀರು ಪಾಚಿಗೆ ಸುಗ್ಗಿ, ಮತ್ತು ಹಡಗುಗಳು ಸಮತೋಲಕ್ಕೆಂದು ತುಂಬಿಕೊಂಡು ಬೇರೆಡೆ ಸುರಿಯುವ ನೀರು ಈ ಜಾತಿಗಳನ್ನು ಹೊಸ ತೀರಗಳಿಗೆ ಒಯ್ಯುತ್ತದೆ.

ಈ ವಿಷಗಳಲ್ಲಿ ಮುಖ್ಯವಾದವು ಮೂರು. ಅಲೆಕ್ಸಾಂಡ್ರಿಯಂ ಮುಂತಾದ ಪಾಚಿಗಳ ಸ್ಯಾಕ್ಸಿಟಾಕ್ಸಿನ್ ನರಗಳನ್ನು ನಿಲ್ಲಿಸಿ ಉಸಿರಾಟದ ಸ್ನಾಯುಗಳನ್ನೇ ಸೋಲಿಸುತ್ತದೆ. ಡೈನೊಫಿಸಿಸ್‌ನ ಒಕಡಾಯಿಕ್ ಆಮ್ಲ ತೀವ್ರ ಭೇದಿ ತರುತ್ತದೆ. ಸ್ಯೂಡೊ-ನಿಟ್ಸ್ಚಿಯಾದ ಡೊಮೋಯಿಕ್ ಆಮ್ಲ ಮೆದುಳಿನ ನೆನಪಿನ ಭಾಗವನ್ನು ಹಾಳುಮಾಡುತ್ತದೆ. 1987ರ ಕೊನೆಯಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಕನಿಷ್ಠ ಮೂವರು ಸತ್ತರು, ಬದುಕುಳಿದ ಕೆಲವರಿಗೆ ಹೊಸ ಸಂಗತಿಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿಯೇ ಹೊರಟುಹೋಯಿತು. ಈ ವಿಷ ಚಿಪ್ಪುಮೀನಿನಲ್ಲಿ ಇರಬಲ್ಲದೆಂದು ಜಗತ್ತಿಗೆ ತಿಳಿದದ್ದು ಆಗಲೇ.

ಮೂರನೆಯದು ಲೋಹ ಮತ್ತು ರಾಸಾಯನಿಕಗಳು. ಜಪಾನಿನ ಮಿನಮಾಟಾ ಕೊಲ್ಲಿಗೆ ಚಿಸ್ಸೊ ಕಾರ್ಖಾನೆ ಬಿಟ್ಟ ಮೀಥೈಲ್ ಪಾದರಸ ಮೀನು, ಚಿಪ್ಪುಮೀನುಗಳಲ್ಲಿ ಸೇರಿ ಅಲ್ಲಿನ ಮೀನುಗಾರ ಕುಟುಂಬಗಳನ್ನು ನರಳಿಸಿದ್ದು ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಆ ನೀರನ್ನು ಬಿಡುವುದು ನಿಂತದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷ ಜನ ತಿನ್ನುತ್ತಲೇ ಇದ್ದರು ಎಂಬುದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ವಿದ್ಯುತ್ ಉಪಕರಣ ಕಾರ್ಖಾನೆಗಳ ಪಿಸಿಬಿ ರಾಸಾಯನಿಕ ಕೆಸರಿಗಿಳಿದ ಕಾರಣ 1979ರಲ್ಲಿ ಅಲ್ಲಿ ಚಿಪ್ಪುಮೀನು ಹಿಡಿಯುವುದನ್ನು ನಿಷೇಧಿಸಿದರು. ಕೊಳಚೆಯ ರೋಗಾಣು ವಾರಗಳಲ್ಲಿ ಕರಗಬಹುದು. ಕೆಸರಿಗಿಳಿದ ಇಂಥ ವಸ್ತು ದಶಕಗಟ್ಟಲೆ ಉಳಿಯುತ್ತದೆ.

ಎಣ್ಣೆ ಸೋರಿಕೆಯೂ ಈ ಗುಂಪಿಗೇ ಸೇರುತ್ತದೆ. ಎಣ್ಣೆಯಲ್ಲಿರುವ ಕ್ಯಾನ್ಸರ್‌ಕಾರಕ ಅಂಶಗಳನ್ನು ಮೀನು ತನ್ನ ಯಕೃತ್ತಿನಲ್ಲಿ ಬೇಗ ಒಡೆದುಹಾಕುತ್ತದೆ. ಎರಡು ಚಿಪ್ಪಿನ ಪ್ರಾಣಿಗಳಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ಆದ್ದರಿಂದ ಸೋರಿಕೆಯ ಬಳಿಕ ಮೀನುಗಾರಿಕೆಗೆ ಅನುಮತಿ ಸಿಕ್ಕರೂ ಚಿಪ್ಪುಮೀನಿಗೆ ಪ್ರತ್ಯೇಕ ಅನುಮತಿ ಸಿಕ್ಕಿದೆಯೇ ಎಂದು ನೋಡಬೇಕು. ಪ್ಲಾಸ್ಟಿಕ್‌ನ ಸೂಕ್ಷ್ಮ ಚೂರುಗಳು ಕರುಳಿನಲ್ಲಿ ಇರುವುದು ನಿಜ, ಆದರೆ ಇಂದು ಏನನ್ನು ತಿನ್ನಬೇಕೆಂಬ ತೀರ್ಮಾನಕ್ಕೆ ಮೇಲಿನ ಮೂರೂ ಅದಕ್ಕಿಂತ ಮುಖ್ಯ.

ಮಾಲಿನ್ಯ ತಿನ್ನುವವರನ್ನಷ್ಟೇ ಅಲ್ಲ, ಆ ಪ್ರಾಣಿಯನ್ನೂ ಕೊಲ್ಲುತ್ತದೆ. ದೋಣಿಗಳ ತಳಕ್ಕೆ ಬಳಿಯುತ್ತಿದ್ದ ಟಿಬಿಟಿ ಎಂಬ ತವರದ ಬಣ್ಣದಿಂದ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ಕಲ್ವಗಳ ಚಿಪ್ಪು ವಿಕಾರವಾಗಿ ದಪ್ಪಗಾಗತೊಡಗಿತು, ಮರಿಗಳೇ ನೆಲೆಯೂರದಾದವು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಆ ಬಣ್ಣ ಬಳಿಯುವುದನ್ನು ತಡೆಯಿತು. ಜಾಗತಿಕ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಹಾಗಾಗಿ ಒಂದು ತೀರದಲ್ಲಿ ಎಳೆಯ ಚಿಪ್ಪುಗಳೇ ಕಾಣದಿದ್ದರೆ, ಖಾಲಿ ಚಿಪ್ಪುಗಳ ರಾಶಿ ಬಿದ್ದಿದ್ದರೆ, ಬದುಕಿರುವ ಒಂದೆರಡನ್ನು ಆರಿಸಿ ತರುವ ಮನಸ್ಸು ಮಾಡಬೇಡಿ.

ಹಂತ 3: ತೀರವನ್ನು ನಡೆದು ನೋಡಿ

ಚಿಪ್ಪುಮೀನು ಬೆಳೆಯುವ ಜಾಗಕ್ಕೆ ಅನುಮತಿ ಕೊಡುವ ಮುನ್ನ ಅಧಿಕಾರಿಗಳು ಮಾಡುವ ನೈರ್ಮಲ್ಯ ಸಮೀಕ್ಷೆಯ ತಿರುಳು ನಡೆದು ನೋಡುವುದೇ. ಅದರ ಸರಳ ರೂಪವನ್ನು ಯಾರೂ ಮಾಡಬಹುದು. ಇಳಿತದ ವೇಳೆಯಲ್ಲಿ ಹೋಗಿ. ಭರತದಲ್ಲಿ ಮುಳುಗಿರುವ ಚರಂಡಿ ಕೊಳವೆಗಳು ಆಗ ಕಾಣುತ್ತವೆ. ಕೊಳವೆಯ ಬಾಯಿಯ ಸುತ್ತ ಬೂದು ಲೋಳೆ, ಒಂದೇ ಕಡೆ ಒತ್ತಾಗಿ ಬೆಳೆದ ಕಡುಹಸಿರು ಕಡಲಪಾಚಿ, ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು ಕಂಡರೆ ಅಲ್ಲಿ ಸಾವಯವ ಹೊಲಸು ಬಹಳ ಕಾಲದಿಂದ ಸೇರುತ್ತಿದೆ ಎಂದು ತಿಳಿಯಿರಿ.

ಅಲ್ಲಿಂದ ಹೊಳೆಯ ಬಾಯಿಯ ಕಡೆ ನಡೆಯಿರಿ. ಮೇಲ್ಭಾಗದಲ್ಲಿ ಊರಿದೆಯೇ, ಪಶುಸಾಕಣೆ ಇದೆಯೇ, ಚರ್ಮ ಹದಮಾಡುವ, ಬಣ್ಣ ಹಾಕುವ, ಲೋಹ ಕರಗಿಸುವ ಘಟಕಗಳಿವೆಯೇ? ದೋಣಿ ದುರಸ್ತಿ ಮಾಡುವ ಜಾಗ, ಇಂಧನ ತುಂಬುವ ಜೆಟ್ಟಿ, ಹಳೆಯ ಕಸದ ಗುಡ್ಡ ಹತ್ತಿರದಲ್ಲಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಮುಚ್ಚಿಹೋದ ಕಾರ್ಖಾನೆಯನ್ನು ಲೆಕ್ಕದಿಂದ ಬಿಡಬೇಡಿ, ಅದರ ಲೋಹ ಇನ್ನೂ ಕೆಸರಿನಲ್ಲಿದೆ. ಕೊನೆಗೆ ಪ್ರವಾಹದ ದಿಕ್ಕು ನೋಡಿ. ಭರತದ ನೀರು ಕೊಳವೆಯ ಹೊಲಸನ್ನು ಯಾವ ಕಡೆ ತಳ್ಳುತ್ತದೆ ಎಂಬುದು ದೂರಕ್ಕಿಂತ ಮುಖ್ಯ. ಬಾಯಿ ಕಿರಿದಾದ, ನೀರು ನಿಧಾನವಾಗಿ ಬದಲಾಗುವ ಕೊಲ್ಲಿಯಲ್ಲಿ ಹೊಲಸು ಬಹಳ ಹೊತ್ತು ನಿಲ್ಲುತ್ತದೆ. ತೆರೆದ ಕಡಲಂಚಿನಲ್ಲಿ ಬೇಗ ಚದುರುತ್ತದೆ.

ಬಂದರಿನ ಕಂಬಗಳಿಗೆ, ದೋಣಿ ಕಟ್ಟುವ ಹಗ್ಗಗಳಿಗೆ ದಟ್ಟವಾಗಿ ಅಂಟಿ ಬೆಳೆದ ಪಚ್ಚಿಲೆಗಳು ದಪ್ಪನೆ ಮಾಂಸ ತುಂಬಿ ಕಣ್ಸೆಳೆಯುತ್ತವೆ. ಅವನ್ನು ಮುಟ್ಟಲೇಬೇಡಿ. ಎಣ್ಣೆ, ದೋಣಿಗೆ ಬಳಿದ ಬಣ್ಣದಲ್ಲಿರುವ ತಾಮ್ರ, ದೋಣಿಗಳ ಮಲ ಮೂರೂ ಒಟ್ಟಿಗೆ ಸಿಗುವ ಜಾಗ ಅದು.

ಒಂದು ಮಾತನ್ನು ಒತ್ತಿ ಹೇಳಬೇಕು. ಈ ನಡಿಗೆಯಿಂದ ಒಂದು ಜಾಗ ಕೆಟ್ಟದ್ದು ಎಂದು ತಿಳಿಯಬಹುದು, ಒಳ್ಳೆಯದು ಎಂದು ಸಾಬೀತಾಗುವುದಿಲ್ಲ. ತಿಳಿನೀರಿನಲ್ಲೂ ವೈರಸ್ ಇರುತ್ತದೆ. ಭೇದಿ ತರುವ ಡೈನೊಫಿಸಿಸ್ ಒಂದು ಲೀಟರ್ ನೀರಿನಲ್ಲಿ ಕೆಲವು ನೂರು ಕೋಶಗಳಿದ್ದರೂ ಪಚ್ಚಿಲೆಯನ್ನು ವಿಷವಾಗಿಸಬಲ್ಲದು, ಆ ಪ್ರಮಾಣದಲ್ಲಿ ನೀರಿನ ಬಣ್ಣ ಒಂದಿಷ್ಟೂ ಬದಲಾಗುವುದಿಲ್ಲ. ಮಾಂಸದ ಬಣ್ಣವೂ ಹೀಗೆಯೇ ಕೈಕೊಡುತ್ತದೆ. 1986ರಲ್ಲಿ ತೈವಾನ್‌ನ ಎರ್ರೆನ್ ನದಿಯ ಬಳಿಯ ತೀರದಲ್ಲಿ ಕಲ್ವಗಳು ಹಸಿರಾದದ್ದು ತಾಮ್ರದ ಮಾಲಿನ್ಯದಿಂದ. ಫ್ರಾನ್ಸಿನ ಮರೆನ್ ಪ್ರದೇಶದ ಕಲ್ವಗಳ ಕಿವಿರು ಹಸಿರಾಗುವುದು ನಿರುಪದ್ರವಿಯಾದ ಒಂದು ಪಾಚಿಯಿಂದ.

ಹಂತ 4: ಮಳೆ ಮತ್ತು ಬಿಸಿಲಿನ ಲೆಕ್ಕ ಇಡಿ

ಅದೇ ಜಾಗ ಒಂದು ವಾರ ಸುರಕ್ಷಿತವಾಗಿದ್ದು ಮರುವಾರ ಅಪಾಯಕಾರಿಯಾಗುವುದು ಮಳೆಯಿಂದ. ಜೋರು ಮಳೆ ಬಂದಾಗ ಚರಂಡಿಗಳು ಉಕ್ಕುತ್ತವೆ, ಶುದ್ಧೀಕರಣ ಘಟಕಗಳು ಹೆಚ್ಚಿನ ನೀರನ್ನು ಹಾಗೆಯೇ ಹೊರಬಿಡುತ್ತವೆ, ನೆಲದ ಮೇಲಿನ ಕೊಳೆಯೆಲ್ಲ ಒಮ್ಮೆಲೇ ಕೊಚ್ಚಿಬರುತ್ತದೆ. ಇಷ್ಟು ಮಿಲಿಮೀಟರ್ ಮಳೆಯಾದರೆ ಜಾಗ ತಾನಾಗಿ ಮುಚ್ಚಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಬಹಳ ದಿನದ ಒಣ ಹವೆಯ ನಂತರದ ಮೊದಲ ದೊಡ್ಡ ಮಳೆ ಅತ್ಯಂತ ಕೆಟ್ಟದ್ದು.

ಮಳೆ ನಿಂತ ಎರಡು ದಿನಕ್ಕೆ ನೀರು ತಿಳಿಯಾಯಿತೆಂದು ಹೊರಡಬೇಡಿ. ಬ್ಯಾಕ್ಟೀರಿಯಾ ಬೇಗ ಕಡಿಮೆಯಾದರೂ ನೊರೊವೈರಸ್ ಕಲ್ವದ ಕರುಳಿನ ಅಂಗಾಂಶಕ್ಕೆ ಕಚ್ಚಿಕೊಂಡು ವಾರಗಟ್ಟಲೆ ಉಳಿಯುತ್ತದೆ. ಒಳಚರಂಡಿ ಸೋರಿದ ಪ್ರಕರಣಗಳಲ್ಲಿ, ವೈರಸ್ ಪರೀಕ್ಷೆ ಮಾಡದಿದ್ದರೆ, ಸೋರಿಕೆ ನಿಂತ ಮೇಲೂ 21 ದಿನ ಜಾಗವನ್ನು ಮುಚ್ಚಿಡುವುದು ಅಮೆರಿಕದ ಕ್ರಮ. ಪರೀಕ್ಷೆಯ ವ್ಯವಸ್ಥೆ ಇಲ್ಲದ ಕಡೆ ನೀವೂ ಆ ಮೂರು ವಾರಗಳನ್ನೇ ಪಾಲಿಸುವುದು ಜಾಣತನ.

ಬಿಸಿಲಿನ ಲೆಕ್ಕ ಬೇರೆ. ನೀರು ಬೆಚ್ಚಗಿರುವ ತಿಂಗಳುಗಳಲ್ಲಿ ವಿಬ್ರಿಯೊ ಹೆಚ್ಚು, ಹಲವು ವಿಷಪಾಚಿಗಳೂ ಹೆಚ್ಚು. ಆದರೆ ಪಾಚಿಯ ಉಕ್ಕು ಇಳಿದ ಕೂಡಲೇ ವಿಷ ಇಳಿಯುವುದಿಲ್ಲ. ಪಚ್ಚಿಲೆ ಕೆಲವು ವಾರಗಳಲ್ಲಿ ಅದನ್ನು ಹೊರಹಾಕುತ್ತದೆ. ಉತ್ತರ ಪೆಸಿಫಿಕ್ ತೀರದ ಬಟರ್ ಕ್ಲ್ಯಾಮ್ ಎಂಬ ಮರುವಾಯಿ ಸ್ಯಾಕ್ಸಿಟಾಕ್ಸಿನ್ ಅನ್ನು ಎರಡು ವರ್ಷದವರೆಗೂ ಇಟ್ಟುಕೊಳ್ಳಬಲ್ಲದು. ಪಕ್ಕಪಕ್ಕದಲ್ಲೇ ಬೆಳೆದ ಎರಡು ಜಾತಿಗಳಲ್ಲಿ ಒಂದು ಸುರಕ್ಷಿತ, ಇನ್ನೊಂದು ವಿಷ ಆಗಿರುವುದು ಹೀಗೆ.

ಹಂತ 5: ಪ್ರಕಟಣೆಗಳನ್ನು ಓದುವುದನ್ನು ಕಲಿಯಿರಿ

ನಿಜವಾದ ಉತ್ತರ ಸಿಗುವುದು ಪ್ರಯೋಗಾಲಯದಲ್ಲಿ. ಮೀನುಗಾರಿಕೆ ಅಥವಾ ಆಹಾರ ಸುರಕ್ಷತಾ ಇಲಾಖೆ ತೀರವನ್ನು ವರ್ಗೀಕರಿಸಿದೆಯೇ, ಈಗ ಮುಚ್ಚಿದೆಯೇ ಎಂದು ಹೊರಡುವ ದಿನವೇ ವಿಚಾರಿಸಿ. ಕಳೆದ ವಾರದ ಪ್ರಕಟಣೆ ಇಂದಿಗೆ ಉಪಯೋಗವಿಲ್ಲ.

ಅಂಕಿಗಳ ಅರ್ಥ ಗೊತ್ತಿದ್ದರೆ ವರದಿ ಓದುವುದು ಸುಲಭ. ಯುರೋಪಿನ ಒಕ್ಕೂಟದಲ್ಲಿ ಚಿಪ್ಪುಮೀನಿನ 100 ಗ್ರಾಂ ಮಾಂಸದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂಬುದೇ ಅಳತೆ. ಬಹುಪಾಲು ಮಾದರಿಗಳಲ್ಲಿ 230ರ ಒಳಗಿದ್ದರೆ ಅದು ಎ ದರ್ಜೆ, ನೇರವಾಗಿ ಮಾರಬಹುದು. 4,600ರವರೆಗೆ ಬಿ ದರ್ಜೆ, ಶುದ್ಧೀಕರಿಸಿಯೇ ಮಾರಬೇಕು. 46,000ದವರೆಗೆ ಸಿ ದರ್ಜೆ. ಅದನ್ನು ಶುದ್ಧ ನೀರಿಗೆ ಸ್ಥಳಾಂತರಿಸಿ ಕನಿಷ್ಠ ಎರಡು ತಿಂಗಳು ಬಿಡಬೇಕು, ಇಲ್ಲವೇ ನಿಗದಿತ ಶಾಖದಲ್ಲಿ ಸಂಸ್ಕರಿಸಬೇಕು. ಅಮೆರಿಕದಲ್ಲಿ ನೀರನ್ನೇ ಅಳೆಯುತ್ತಾರೆ: ಹಿಡಿಯಲು ಅನುಮತಿಯಿರುವ ಜಾಗಗಳಲ್ಲಿ 100 ಮಿಲಿಲೀಟರ್‌ಗೆ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಸರಾಸರಿ 14ನ್ನು ಮೀರಬಾರದು.

ಇ. ಕೋಲಿ ಇಲ್ಲಿ ಬರಿಯ ಸೂಚಕ. ಅದು ಕಡಿಮೆ ಇದ್ದರೆ ಇತ್ತೀಚೆಗೆ ಮಲ ಸೇರಿಲ್ಲ ಎಂದರ್ಥ. ನೊರೊವೈರಸ್ ಇಲ್ಲ, ಪಾಚಿವಿಷ ಇಲ್ಲ, ಸೀಸ ಇಲ್ಲ ಎಂದಾಗುವುದಿಲ್ಲ. ಆದ್ದರಿಂದ ವರದಿಯಲ್ಲಿ ಪಾಚಿವಿಷದ ಸಾಲನ್ನೂ ಹುಡುಕಿ. ಒಂದು ಕಿಲೋ ಮಾಂಸಕ್ಕೆ ಸ್ಯಾಕ್ಸಿಟಾಕ್ಸಿನ್ ಗುಂಪು 800 ಮೈಕ್ರೋಗ್ರಾಂ, ಡೊಮೋಯಿಕ್ ಆಮ್ಲ 20 ಮಿಲಿಗ್ರಾಂ, ಒಕಡಾಯಿಕ್ ಆಮ್ಲದ ಗುಂಪು 160 ಮೈಕ್ರೋಗ್ರಾಂ ಮೀರಿದರೆ ಜಾಗ ಮುಚ್ಚುತ್ತದೆ. ಲೋಹಗಳಿಗೆ ಯುರೋಪಿನ ಮಿತಿ ಎರಡು ಚಿಪ್ಪಿನ ಪ್ರಾಣಿಗಳಲ್ಲಿ ಕಿಲೋಗೆ ಕ್ಯಾಡ್ಮಿಯಂ 1 ಮಿಲಿಗ್ರಾಂ, ಸೀಸ 1.5 ಮಿಲಿಗ್ರಾಂ.

ನಿಮ್ಮ ತೀರಕ್ಕೆ ಇಂಥ ಯಾವ ವರದಿಯೂ ಇಲ್ಲದಿದ್ದರೆ? ಸ್ಪಷ್ಟವಾಗಿ ಹೇಳುತ್ತೇನೆ: ವರದಿ ಇಲ್ಲದ್ದನ್ನು ಅನುಮತಿ ಎಂದು ತಿಳಿಯಬಾರದು. ಊರವರು ಸೇರಿ ಪರೀಕ್ಷೆಗೆ ಒತ್ತಾಯಿಸಬಹುದು. ಪಚ್ಚಿಲೆಯನ್ನೇ ಕಾವಲುಗಾರನಂತೆ ಬಳಸಿ ತೀರದ ಲೋಹ, ರಾಸಾಯನಿಕಗಳನ್ನು ಅಳೆಯಬಹುದೆಂದು ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಸೂಚಿಸಿದರು. 1986ರಿಂದ ಅಮೆರಿಕದ ತೀರಗಳಲ್ಲಿ ಆ ಕೆಲಸ ನಡೆದುಬಂದಿದೆ. ಮಾದರಿ ಕಳಿಸುವುದಾದರೆ ಒಂದೇ ಜಾಗದಿಂದ, ಒಂದೇ ಗಾತ್ರದ ಹಲವು ಚಿಪ್ಪುಗಳನ್ನು ಆರಿಸಿ, ಜಾಗ, ದಿನ, ಭರತ ಇಳಿತದ ವೇಳೆ ಬರೆದು, ತಂಪಾಗಿ ಒಯ್ಯಬೇಕು. ಒಂದು ಬಾರಿಯ ಫಲಿತಾಂಶ ಆ ದಿನದ ಚಿತ್ರವನ್ನಷ್ಟೇ ಕೊಡುತ್ತದೆ, ಮಳೆಗಾಲದಲ್ಲೂ ಒಣಗಾಲದಲ್ಲೂ ಮತ್ತೆ ಮತ್ತೆ ತೆಗೆಯಬೇಕು.

ಹಂತ 6: ಕೊಳ್ಳುವಾಗ ಮತ್ತು ತರುವಾಗ

ಮೊದಲ ಪ್ರಶ್ನೆ: ಎಲ್ಲಿಯದು, ಯಾವಾಗ ಹಿಡಿದದ್ದು? ಚೀಟಿ ಅಂಟಿಸುವ ವ್ಯವಸ್ಥೆ ಇದ್ದಲ್ಲಿ ಚೀಟಿ ನೋಡಿ, ಇಲ್ಲದಲ್ಲಿ ಮಾರುವವರನ್ನು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಚಿಪ್ಪು ಬಿಗಿಯಾಗಿ ಮುಚ್ಚಿರಬೇಕು, ಸ್ವಲ್ಪ ಬಾಯಿಬಿಟ್ಟಿದ್ದರೆ ತಟ್ಟಿದಾಗ ಮುಚ್ಚಿಕೊಳ್ಳಬೇಕು. ಒಡೆದದ್ದನ್ನು, ಮುಚ್ಚದ್ದನ್ನು ಬಿಸಾಡಿ. ಈ ಪರೀಕ್ಷೆಯಿಂದ ಪ್ರಾಣಿ ಜೀವಂತವಾಗಿದೆ ಎಂದಷ್ಟೇ ತಿಳಿಯುತ್ತದೆ. ಮಾರಕ ವಿಷ ತುಂಬಿದ ಪಚ್ಚಿಲೆಯೂ ಬಿಗಿಯಾಗಿ ಬಾಯಿ ಮುಚ್ಚಿಕೊಂಡು ಆರೋಗ್ಯವಾಗಿಯೇ ಇರುತ್ತದೆ.

ಬಿಸಿಲಲ್ಲಿ ಇಟ್ಟರೆ ವಿಬ್ರಿಯೊ ಗಂಟೆಗಳಲ್ಲೇ ಬಹುಪಟ್ಟು ಹೆಚ್ಚುತ್ತದೆ. ಹಿಡಿದ ಕೂಡಲೇ ನೆರಳು, ಮಂಜುಗಡ್ಡೆಯ ತಂಪು ಬೇಕು. ಮನೆಯಲ್ಲಿ 5 ಡಿಗ್ರಿ ಸೆಲ್ಸಿಯಸ್ ಒಳಗೆ, ಒದ್ದೆ ಬಟ್ಟೆ ಮುಚ್ಚಿ ಇಡಿ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ, ಇಲ್ಲವೇ ಸಿಹಿನೀರಿನಲ್ಲಿ ಮುಳುಗಿಸಿದರೆ ಸಾಯುತ್ತವೆ.

ಹಂತ 7: ಶುದ್ಧೀಕರಣದಿಂದ ಏನಾಗುತ್ತದೆ, ಏನಾಗುವುದಿಲ್ಲ

ಉಪ್ಪುನೀರಿನಲ್ಲಿ ಒಂದೆರಡು ಗಂಟೆ ನೆನೆಸಿದರೆ ಮರಳು ಹೋಗುತ್ತದೆ. ಅಷ್ಟೇ ಅದರ ಉಪಯೋಗ. ಶುದ್ಧೀಕರಣ ಕೇಂದ್ರಗಳಲ್ಲಿ ನಡೆಯುವುದು ಬೇರೆಯದೇ ಕೆಲಸ: ಅತಿನೇರಳೆ ಬೆಳಕಿನಿಂದ ರೋಗಾಣುಮುಕ್ತ ಮಾಡಿದ ಕಡಲನೀರನ್ನು ಒಂದೆರಡು ದಿನ ನಿರಂತರ ಹರಿಸಿ, ಪ್ರಾಣಿ ತನ್ನ ಕರುಳನ್ನು ತಾನೇ ಖಾಲಿಮಾಡುವಂತೆ ಮಾಡುತ್ತಾರೆ. ಇದರಿಂದ ಇ. ಕೋಲಿ, ಸಾಲ್ಮೊನೆಲ್ಲಾ ಚೆನ್ನಾಗಿ ಇಳಿಯುತ್ತವೆ. ನೊರೊವೈರಸ್, ಹೆಪಟೈಟಿಸ್ ಎ ವೈರಸ್, ವಿಬ್ರಿಯೊ ಅಷ್ಟಾಗಿ ಇಳಿಯುವುದಿಲ್ಲ. ಪಾಚಿವಿಷ, ಲೋಹಗಳಿಗೆ ಎರಡು ದಿನ ಏನೇನೂ ಸಾಲದು. ಶುದ್ಧೀಕರಿಸಿದ್ದು ಎಂಬ ಚೀಟಿಯನ್ನು ನಂಬಿ ಕಲ್ವವನ್ನು ಹಸಿಯಾಗಿ ತಿನ್ನುವವರು ಇದನ್ನು ತಿಳಿದಿರಬೇಕು.

ಹಂತ 8: ಬೇಯಿಸುವ ಕ್ರಮ

ಇಲ್ಲಿಯವರೆಗಿನ ಹಂತಗಳನ್ನು ದಾಟಿ ಬಂದ ಚಿಪ್ಪುಮೀನಿಗೆ ಮಾತ್ರ ಈ ಹಂತ. ಚಿಪ್ಪು ಬಾಯಿಬಿಟ್ಟದ್ದೇ ಬೆಂದ ಗುರುತು ಎಂದು ಒಲೆ ಆರಿಸುವುದು ಎಲ್ಲೆಡೆ ಕಾಣುವ ತಪ್ಪು. ಬಾಯಿಬಿಟ್ಟ ಮೇಲೆ ಕುದಿಯುವ ನೀರಿನಲ್ಲಿ ಇನ್ನೂ 3ರಿಂದ 5 ನಿಮಿಷ ಬೇಯಬೇಕು. ಆವಿಯಲ್ಲಿ ಬೇಯಿಸುವುದಾದರೆ 4ರಿಂದ 9 ನಿಮಿಷ. ಚಿಪ್ಪು ಬಿಡಿಸಿದ ಕಲ್ವವನ್ನು ಕನಿಷ್ಠ 3 ನಿಮಿಷ ಕುದಿಸಿ. ಹೆಪಟೈಟಿಸ್ ಎ ವೈರಸ್ ನಾಶವಾಗಬೇಕಾದರೆ ಮಾಂಸದ ಒಳಭಾಗವೇ 90 ಡಿಗ್ರಿಯಲ್ಲಿ ಒಂದೂವರೆ ನಿಮಿಷ ಇರಬೇಕೆಂಬುದು ಯುರೋಪಿನ ಸಂಸ್ಕರಣಾ ನಿಯಮ. ಪಾತ್ರೆಯನ್ನು ಗಂಟಲವರೆಗೆ ತುಂಬಿದರೆ ನಡುವಿನವು ಬೇಯುವುದಿಲ್ಲ, ಸ್ವಲ್ಪ ಸ್ವಲ್ಪವೇ ಹಾಕಿ. ಕೊನೆಗೂ ಬಾಯಿಬಿಡದ್ದನ್ನು ಎಸೆಯಿರಿ. ನಿಂಬೆರಸ, ವಿನೆಗರ್, ಖಾರ, ಮದ್ಯ ಇವು ಯಾವುವೂ ರೋಗಾಣುಗಳನ್ನು ಕೊಲ್ಲುವುದಿಲ್ಲ. ಬೇಯಿಸುವ ನೀರಿಗೆ ಬೆಳ್ಳಿಯ ನಾಣ್ಯ ಹಾಕಿ ಕಪ್ಪಾದರೆ ವಿಷ, ಇಲ್ಲದಿದ್ದರೆ ಸುರಕ್ಷಿತ ಎನ್ನುವುದು ಶುದ್ಧ ಸುಳ್ಳು. ಪಾಚಿವಿಷಕ್ಕೆ ಬೆಳ್ಳಿ ಕಪ್ಪಾಗುವುದೇ ಇಲ್ಲ.

ಯಕೃತ್ತಿನ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಗರ್ಭಿಣಿಯರು ಹಸಿ ಅಥವಾ ಅರೆಬೆಂದ ಚಿಪ್ಪುಮೀನನ್ನು ತಿನ್ನಲೇಬಾರದು. ವಿಬ್ರಿಯೊ ವಲ್ನಿಫಿಕಸ್ ಸೋಂಕು ತಗುಲಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಾರೆ, ಕೆಲವೊಮ್ಮೆ ಒಂದೆರಡು ದಿನಗಳಲ್ಲೇ. ಕೈಕಾಲಿನ ಗಾಯದ ಮೂಲಕವೂ ಅದು ಒಳಹೊಗುತ್ತದೆ, ಹಾಗಾಗಿ ಗಾಯವಿದ್ದಾಗ ಬೆಚ್ಚನೆಯ ಅಳಿವೆ ನೀರಿಗೆ ಇಳಿದು ಚಿಪ್ಪು ಆರಿಸಬೇಡಿ.

ಹಂತ 9: ತಿಂದ ಮೇಲೆ ತೊಂದರೆ ಕಂಡರೆ

ತಿಂದ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ತುಟಿ, ನಾಲಿಗೆ, ಬೆರಳ ತುದಿ ಜುಮ್ಮೆನ್ನತೊಡಗಿದರೆ, ಮರಗಟ್ಟಿದರೆ, ಮಾತು ತೊದಲಿದರೆ ಕಾಯಬೇಡಿ. ಅದು ಸ್ಯಾಕ್ಸಿಟಾಕ್ಸಿನ್ ಇರಬಹುದು. ಅದಕ್ಕೆ ಪ್ರತಿವಿಷವಿಲ್ಲ, ಉಸಿರಾಟಕ್ಕೆ ಯಂತ್ರದ ಆಸರೆ ಕೊಡಬಲ್ಲ ಆಸ್ಪತ್ರೆಗೆ ಸಮಯಕ್ಕೆ ತಲುಪುವುದೇ ಚಿಕಿತ್ಸೆ. ಮೊದಲ 12ರಿಂದ 24 ಗಂಟೆ ದಾಟಿದವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಗೊಂದಲ, ಮರೆವು, ಸೆಳವು ಕಂಡರೂ ಹಾಗೆಯೇ ಓಡಬೇಕು. ಕೆಲವೇ ಗಂಟೆಗಳಲ್ಲಿ ಶುರುವಾಗುವ ಭೇದಿ ಪಾಚಿವಿಷದ್ದಾಗಿರಬಹುದು. 12ರಿಂದ 48 ಗಂಟೆಯ ನಂತರದ ವಾಂತಿಭೇದಿ ನೊರೊವೈರಸ್‌ನ ರೀತಿ. ಹೆಪಟೈಟಿಸ್ ಎ ಮಾತ್ರ 15ರಿಂದ 50 ದಿನ ಸುಮ್ಮನಿದ್ದು ಆಮೇಲೆ ಕಾಮಾಲೆಯಾಗಿ ಕಾಣಿಸಿಕೊಳ್ಳುತ್ತದೆ. ತಿಂಗಳ ಹಿಂದೆ ತಿಂದದ್ದನ್ನು ಯಾರೂ ನೆನೆಯುವುದಿಲ್ಲ, ವೈದ್ಯರಿಗೆ ನೀವಾಗಿಯೇ ಹೇಳಬೇಕು.

ಉಳಿದ ಚಿಪ್ಪುಮೀನನ್ನು ಎಸೆಯದೆ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡಿ, ಚೀಟಿಯಿದ್ದರೆ ಅದನ್ನೂ. ಜೊತೆಗೆ ಊಟ ಮಾಡಿದವರಿಗೆಲ್ಲ ಕೂಡಲೇ ತಿಳಿಸಿ. ಎಲ್ಲಿಂದ ತಂದದ್ದು, ಯಾವ ದಿನ ಹಿಡಿದದ್ದು, ಎಷ್ಟು ಹೊತ್ತಿಗೆ ತಿಂದಿರಿ, ಲಕ್ಷಣ ಯಾವಾಗ ಶುರುವಾಯಿತು ಎಂಬುದನ್ನು ಬರೆದು ಆರೋಗ್ಯಾಧಿಕಾರಿಗಳಿಗೆ ಕೊಡಿ. ಅದೇ ತೀರದಿಂದ ಅದೇ ದಿನ ಇನ್ನೂ ಎಷ್ಟೋ ಬುಟ್ಟಿಗಳು ಮಾರುಕಟ್ಟೆಗೆ ಹೋಗಿರುತ್ತವೆ, ಅವನ್ನು ತಡೆಯಲು ಅವರಿಗೆ ಬೇಕಾದದ್ದು ಈ ನಾಲ್ಕು ವಿವರಗಳೇ.